ಡೀಸೆಲ್ ಎಂಜಿನಿನ ಅನ್ನವೂ ಉಸಿರೂ

ಹಿಂದೂಪುರದ ಮಾರುಕಟ್ಟೆಯಿಂದ ಬೆಲ್ಲವನ್ನೂ ಹುಣಿಸೆಹಣ್ಣನ್ನೂ ಹೇರಿಕೊಂಡು, ಕಲ್ಯಾಣದುರ್ಗದ ಸೀಮೆಯಿಂದ ಕಡಲೆಕಾಯಿಯ ಮೂಟೆಗಳನ್ನು ಹೇರಿಕೊಂಡು ದೂರದ ಊರುಗಳಿಗೆ ಹೊರಡುವ ಲಾರಿಗಳನ್ನು ನಮ್ಮ ವಿದ್ಯಾರ್ಥಿಗಳು ದಿನವೂ ಕಾಣುತ್ತಾರೆ. ನೀರಿನ ಆಸೆಯಿಂದ ಹೊಲದಲ್ಲಿ ಕೊಳವೆಬಾವಿ ಕೊರೆಯಿಸುವಾಗ ತಮಿಳುನಾಡಿನ ತಿರುಚೆಂಗೋಡಿನ ಕಡೆಯಿಂದ ಬಂದು ನಿಲ್ಲುವ ಬೋರ್‌ವೆಲ್ ಲಾರಿಗಳ ಆರ್ಭಟವನ್ನು ಕೇಳದ ಹಳ್ಳಿ ನಮ್ಮಲ್ಲಿ ಅಪರೂಪ. ಈ ಎಲ್ಲ ಯಂತ್ರಗಳ ಜೀವಾಳವು ಡೀಸೆಲ್ ಎಂಜಿನ್. ಇದನ್ನು ನಂಬಿ ಸಾಲ ಮಾಡಿ ಲಾರಿ ಕೊಂಡ ಮನೆಗಳೂ, ಇದನ್ನು ಓಡಿಸಿ ಬದುಕುವ ಮನೆಗಳೂ ನಮ್ಮ ಪೋಷಕರಲ್ಲಿ ಅನೇಕವಾಗಿವೆ. ಆದುದರಿಂದ ಇದರ ವಿಚಾರವಾಗಿ ನಾಲ್ಕು ಮಾತುಗಳನ್ನು ತಿಳಿಯುವುದು ಪಾಠದ ದೃಷ್ಟಿಯಿಂದಲೂ ಬದುಕಿನ ದೃಷ್ಟಿಯಿಂದಲೂ ಉಪಯುಕ್ತವೆಂದು ನಾವು ಭಾವಿಸಿದ್ದೇವೆ.

ಲಾರಿಯವರು ಸೇರಿದ ಕಡೆಯಲ್ಲೆಲ್ಲ ಒಂದು ಮಾತು ಕೇಳಿಬರುತ್ತದೆ. "ಪಂಪು ಸ್ವಲ್ಪ ಏರಿಸಿದರೆ ಪಿಕಪ್ ಬರುತ್ತದೆ, ಟರ್ಬೊ ಬಿಗಿ ಮಾಡಿದರೆ ಏರಿನಲ್ಲಿ ಗೇರು ಇಳಿಸಬೇಕಾಗಿಲ್ಲ" ಎಂಬುದೇ ಆ ಮಾತು. ಇದರಲ್ಲಿ ಸತ್ಯಾಂಶ ಉಂಟು. ಆದರೆ ಅರ್ಧ ಸತ್ಯ. ಉಳಿದ ಅರ್ಧವನ್ನು ತಿಳಿಯದೆ ತಿರುಪಿಗೆ ಕೈ ಹಾಕಿದವರು ಕೆಲವೊಮ್ಮೆ ಎಂಜಿನನ್ನೇ ಕಳೆದುಕೊಳ್ಳುತ್ತಾರೆ. ಇಂಧನವೆಂದರೆ ಎಂಜಿನಿನ ಅನ್ನ. ಗಾಳಿಯೆಂದರೆ ಅದರ ಉಸಿರು. ಇವೆರಡರ ಪ್ರಮಾಣವನ್ನು ಹೇಗೆ ಹೊಂದಿಸುತ್ತಾರೆ, ಹೊಂದಿಕೆ ತಪ್ಪಿದರೆ ಏನಾಗುತ್ತದೆ ಎಂಬುದನ್ನು ಇಲ್ಲಿ ವಿವರಿಸಲು ಯತ್ನಿಸುವೆವು.

ಕಿಡಿಯಿಲ್ಲದೆ ಹತ್ತುವ ಬೆಂಕಿ

ಸೈಕಲ್ಲಿಗೆ ಗಾಳಿ ಹೊಡೆದವರೆಲ್ಲರೂ ಪಂಪಿನ ಬುಡ ಬಿಸಿಯಾಗುವುದನ್ನು ಬಲ್ಲರು. ಗಾಳಿಯನ್ನು ಒತ್ತಿದರೆ ಅದು ಕಾಯುತ್ತದೆ. ಈ ಸಾಮಾನ್ಯ ಸಂಗತಿಯೇ ಡೀಸೆಲ್ ಎಂಜಿನಿನ ಮೂಲತತ್ವ. ಪೆಟ್ರೋಲ್ ಎಂಜಿನಿನಲ್ಲಿ ಗಾಳಿಯೂ ಪೆಟ್ರೋಲೂ ಬೆರೆತ ಮೇಲೆ ವಿದ್ಯುತ್ತಿನ ಕಿಡಿಯೊಂದು ಬೆಂಕಿ ಹೊತ್ತಿಸಬೇಕು. ಡೀಸೆಲ್ ಎಂಜಿನಿಗೆ ಕಿಡಿ ಬೇಡ. ಅದು ಬರಿಯ ಗಾಳಿಯನ್ನು ಸಿಲಿಂಡರಿನೊಳಕ್ಕೆ ಎಳೆದುಕೊಂಡು, ಮೂಲ ಗಾತ್ರದ ಹದಿನಾರು ಹದಿನೇಳರಲ್ಲಿ ಒಂದು ಪಾಲಿಗೆ ಇಳಿಯುವಂತೆ ಒತ್ತುತ್ತದೆ. ಆಗ ಗಾಳಿಯ ಉಷ್ಣತೆ ೫೦೦ ಡಿಗ್ರಿ ಸೆಂಟಿಗ್ರೇಡಿಗೂ ಮೀರುತ್ತದೆ. ಆ ಕಾದ ಗಾಳಿಯೊಳಕ್ಕೆ ನಾಜಲ್ ಮೂಲಕ ಡೀಸೆಲನ್ನು ಮಂಜಿನಂತೆ ಚಿಮ್ಮಿಸಿದೊಡನೆ ಅದು ತಾನಾಗಿಯೇ ಹತ್ತಿಕೊಳ್ಳುತ್ತದೆ. ಉರಿದ ಅನಿಲವು ಹಿಗ್ಗಿ ಪಿಸ್ಟನ್ನನ್ನು ಕೆಳಕ್ಕೆ ತಳ್ಳುತ್ತದೆ. ಆ ತಳ್ಳುವಿಕೆಯೇ ಚಕ್ರಗಳನ್ನು ತಿರುಗಿಸುವ ಶಕ್ತಿ.

ಈ ಎಂಜಿನನ್ನು ಕಂಡುಹಿಡಿದ ಜರ್ಮನಿಯ ರುಡಾಲ್ಫ್ ಡೀಸೆಲ್ ೧೮೫೮ರಲ್ಲಿ ಪ್ಯಾರಿಸಿನಲ್ಲಿ ಹುಟ್ಟಿದವರು. ಅನೇಕ ವರ್ಷಗಳ ಪ್ರಯೋಗದ ತರುವಾಯ ೧೮೯೭ರಲ್ಲಿ ಔಗ್ಸ್‌ಬರ್ಗ್ ನಗರದಲ್ಲಿ ಅವರ ಎಂಜಿನ್ ಯಶಸ್ವಿಯಾಗಿ ನಡೆಯಿತು. ಆದರೆ ಅದು ಭಾರವಾದ ಯಂತ್ರವಾಗಿತ್ತು. ಅದನ್ನು ಲಾರಿಗೆ ಒಗ್ಗಿಸಲು ಇಂಧನವನ್ನು ಅಳೆದು ಕೊಡುವ ಚಿಕ್ಕ ಪಂಪು ಬೇಕಾಯಿತು. ಅಂಥ ಪಂಪನ್ನು ರಾಬರ್ಟ್ ಬಾಷ್ ಅವರ ಕಾರ್ಖಾನೆಯು ೧೯೨೭ರಲ್ಲಿ ದೊಡ್ಡ ಪ್ರಮಾಣದಲ್ಲಿ ತಯಾರಿಸತೊಡಗಿತು.

ಈ ಕಥೆಯಲ್ಲಿ ಕನ್ನಡ ನಾಡಿಗೂ ಒಂದು ಸ್ಥಾನವಿದೆ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ೧೮೬೯ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಆರಂಭಿಸಿ ದೊಡ್ಡ ಉದ್ಯಮವನ್ನು ಕಟ್ಟಿದರು. ಅವರ ಮನೆತನದವರು ೧೯೪೬ರಲ್ಲಿ ಪುಣೆಯಲ್ಲಿ ಸ್ಥಾಪಿಸಿದ ಕಾರ್ಖಾನೆಯ ಡೀಸೆಲ್ ಎಂಜಿನ್‌ಗಳು ಕರೆಂಟು ಬಾರದ ಕಾಲದಲ್ಲಿ ಎಷ್ಟೋ ಬಾವಿಗಳಿಂದ ನೀರೆತ್ತಿದವು. ಇನ್ನು ಇಂಧನದ ಪಂಪಿನ ವಿಷಯ. ಜರ್ಮನಿಯ ಬಾಷ್ ಸಂಸ್ಥೆಯ ಸಹಯೋಗದಿಂದ ೧೯೫೧ರಲ್ಲಿ ಬೆಂಗಳೂರಿನಲ್ಲಿ ಮೋಟಾರ್ ಇಂಡಸ್ಟ್ರೀಸ್ ಕಂಪೆನಿ ಸ್ಥಾಪಿತವಾಯಿತು. ಅದೇ ಜನರ ಬಾಯಲ್ಲಿ 'ಮೈಕೋ' ಎನಿಸಿಕೊಂಡಿತು. ಆಡುಗೋಡಿಯ ಅದರ ಕಾರ್ಖಾನೆಯಲ್ಲಿ ತಯಾರಾದ ಪಂಪುಗಳೂ ನಾಜಲ್‌ಗಳೂ ಭಾರತದ ಲಾರಿ, ಬಸ್ಸು, ಟ್ರಾಕ್ಟರುಗಳಿಗೆ ಅನ್ನ ಬಡಿಸಿದವು. ೨೦೦೮ರಲ್ಲಿ ಸಂಸ್ಥೆಯ ಹೆಸರು ಬಾಷ್ ಲಿಮಿಟೆಡ್ ಎಂದು ಬದಲಾದರೂ ಹಳೆಯ ಮೆಕ್ಯಾನಿಕ್‌ಗಳು ಇನ್ನೂ 'ಮೈಕೋ ಪಂಪು' ಎಂದೇ ಹೇಳುತ್ತಾರೆ.

ಒಂದು ಹನಿಯ ಲೆಕ್ಕ

ಪೆಟ್ರೋಲ್ ಎಂಜಿನಿಗೂ ಡೀಸೆಲ್ ಎಂಜಿನಿಗೂ ಇರುವ ಇನ್ನೊಂದು ವ್ಯತ್ಯಾಸವನ್ನು ಚೆನ್ನಾಗಿ ಗಮನಿಸಬೇಕು. ಹಳೆಯ ಮಾದರಿಯ ಡೀಸೆಲ್ ಎಂಜಿನಿನಲ್ಲಿ ಒಳಕ್ಕೆ ಬರುವ ಗಾಳಿಗೆ ತಡೆಯಿಲ್ಲ. ಚಾಲಕನು ಆಕ್ಸಿಲರೇಟರನ್ನು ತುಳಿದಾಗ ಹೆಚ್ಚಾಗುವುದು ಡೀಸೆಲ್ ಮಾತ್ರ. ಹೀಗಿರುವಲ್ಲಿ ಗಾಳಿ ಎಷ್ಟಿದೆಯೋ ಅಷ್ಟಕ್ಕೆ ತಕ್ಕಂತೆ ಡೀಸೆಲಿನ ಮೇಲ್ಮಿತಿಯನ್ನು ಯಾರಾದರೂ ಮೊದಲೇ ಕಟ್ಟಿಡಬೇಕು. ಆ ಮೇಲ್ಮಿತಿಯನ್ನು ಕಾಯುವುದು ಪಂಪಿನೊಳಗಿನ ಒಂದು ತಿರುಪು.

ಲೆಕ್ಕ ಮಾಡಿ ನೋಡೋಣ. ನಮ್ಮ ರಸ್ತೆಗಳಲ್ಲಿ ಬಹುಕಾಲ ಓಡಿದ ಟಾಟಾ ೬೯೭ ಎಂಜಿನನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಆ ಹೆಸರಿನಲ್ಲಿಯೇ ಅರ್ಥವಿದೆ: ೬ ಎಂದರೆ ಆರು ಸಿಲಿಂಡರು, ೯೭ ಎಂದರೆ ಪ್ರತಿಯೊಂದು ಸಿಲಿಂಡರಿನ ವ್ಯಾಸ ೯೭ ಮಿಲಿಮೀಟರ್. ಪಿಸ್ಟನ್ನಿನ ಓಟ ೧೨೮ ಮಿಲಿಮೀಟರ್. ಎಂಟನೆಯ ತರಗತಿಯ ಗಣಿತದಿಂದಲೇ ಆರು ಸಿಲಿಂಡರುಗಳ ಒಟ್ಟು ಗಾತ್ರ ಸುಮಾರು ೫.೬೭ ಲೀಟರೆಂದು ತಿಳಿಯುತ್ತದೆ. ನಾಲ್ಕು ಹೊಡೆತದ ಎಂಜಿನ್ ಎರಡು ಸುತ್ತಿಗೆ ಒಮ್ಮೆ ಉಸಿರೆಳೆಯುತ್ತದೆ. ನಿಮಿಷಕ್ಕೆ ೨೪೦೦ ಸುತ್ತು ತಿರುಗುವಾಗ ೧೨೦೦ ಬಾರಿ ಉಸಿರೆಳೆದಂತಾಯಿತು. ಅಂದರೆ ಸುಮಾರು ೬೮೦೦ ಲೀಟರ್ ಗಾಳಿ. ವಾಲ್ವುಗಳ ಇಕ್ಕಟ್ಟಿನಲ್ಲಿ ಪೂರ್ತಿ ತುಂಬುವುದಿಲ್ಲವಾದ ಕಾರಣ ನೂರಕ್ಕೆ ೮೫ ಪಾಲೆಂದು ಹಿಡಿದರೆ ೫೮೦೦ ಲೀಟರ್ ಸಿಗುತ್ತದೆ.

ಈ ಗಾಳಿಯ ತೂಕ ಊರಿಂದೂರಿಗೆ ಬೇರೆ. ಹಿಂದೂಪುರವು ಸಮುದ್ರಮಟ್ಟದಿಂದ ಸುಮಾರು ೬೨೦ ಮೀಟರ್ ಎತ್ತರದಲ್ಲಿದೆ. ಇಲ್ಲಿನ ವಾಯುಭಾರ ಸಮುದ್ರತೀರಕ್ಕಿಂತ ನೂರಕ್ಕೆ ಏಳು ಪಾಲಿನಷ್ಟು ಕಡಮೆ. ಬೇಸಗೆಯಲ್ಲಿ ೪೦ ಡಿಗ್ರಿ ಬಿಸಿಲು ಏರಿದಾಗ ಗಾಳಿ ಹಿಗ್ಗಿ ಇನ್ನಷ್ಟು ತೆಳುವಾಗುತ್ತದೆ. ಅಂಥ ದಿನ ಒಂದು ಘನಮೀಟರ್ ಗಾಳಿಯ ತೂಕ ಒಂದು ಕಿಲೋಗ್ರಾಮಿಗಿಂತ ತುಸು ಹೆಚ್ಚು ಮಾತ್ರ. ಆದುದರಿಂದ ನಮ್ಮ ಎಂಜಿನಿಗೆ ನಿಮಿಷಕ್ಕೆ ಸಿಗುವ ಗಾಳಿ ಸುಮಾರು ೬ ಕಿಲೋಗ್ರಾಂ.

ಒಂದು ಕಿಲೋ ಡೀಸೆಲ್ ಪೂರ್ತಿಯಾಗಿ ಉರಿಯಲು ಲೆಕ್ಕದ ಪ್ರಕಾರ ಸುಮಾರು ಹದಿನಾಲ್ಕೂವರೆ ಕಿಲೋ ಗಾಳಿ ಸಾಕು. ಆದರೆ ಚಿಮ್ಮಿದ ಹನಿಗಳಿಗೆ ಗಾಳಿಯೊಡನೆ ಬೆರೆಯಲು ದೊರೆಯುವ ಕಾಲ ಒಂದು ಸೆಕೆಂಡನ್ನು ಸಾವಿರ ಪಾಲು ಮಾಡಿದರೆ ಅಂಥ ಎರಡು ಮೂರು ಪಾಲು ಮಾತ್ರ. ಅಷ್ಟರೊಳಗೆ ಪ್ರತಿಯೊಂದು ಕಣಕ್ಕೂ ಗಾಳಿ ಸಿಗಬೇಕಾದರೆ ಗಾಳಿ ಧಾರಾಳವಾಗಿರಬೇಕು. ಒಂದು ಪಾಲು ಡೀಸೆಲಿಗೆ ಇಪ್ಪತ್ತು ಪಾಲು ಗಾಳಿಯೆಂದು ಹಿಡಿದರೆ, ೬ ಕಿಲೋ ಗಾಳಿಗೆ ೩೦೦ ಗ್ರಾಂ ಡೀಸೆಲ್. ಆರು ಸಿಲಿಂಡರುಗಳಿಗೆ ಸೇರಿ ನಿಮಿಷಕ್ಕೆ ೭೨೦೦ ಬಾರಿ ಡೀಸೆಲ್ ಚಿಮ್ಮುತ್ತದೆ. ಭಾಗಿಸಿದರೆ ಒಂದು ಸಲಕ್ಕೆ ಬರುವ ಪಾಲು ಒಂದು ಘನ ಸೆಂಟಿಮೀಟರಿನ ಇಪ್ಪತ್ತನೆಯ ಒಂದು ಭಾಗ! ಮಕ್ಕಳಿಗೆ ಔಷಧ ಹಾಕುವ ಡ್ರಾಪರಿನಿಂದ ಬೀಳುವ ಒಂದೇ ಒಂದು ಹನಿಯಷ್ಟು. ಹತ್ತಾರು ಟನ್ ಸರಕನ್ನು ಎಳೆಯುವುದು ಈ ಒಂದೊಂದು ಹನಿಯ ಬಲ. ಪಂಪಿನ ತಿರುಪನ್ನು ತಿರುಗಿಸುವವನು ಈ ಹನಿಯ ಗಾತ್ರವನ್ನೇ ಬದಲಿಸುತ್ತಾನೆ ಎಂಬುದನ್ನು ನೆನಪಿನಲ್ಲಿಡಬೇಕು.

ಹೊಗೆಯ ಭಾಷೆ

ಬೆಲ್ಲದ ಆಲೆಮನೆಯನ್ನು ಕಂಡವರಿಗೆ ಮುಂದಿನ ಮಾತು ಸುಲಭವಾಗಿ ತಿಳಿಯುತ್ತದೆ. ಕೊಪ್ಪರಿಗೆಯ ಕೆಳಗಿನ ಒಲೆಗೆ ಒಣ ಸಿಪ್ಪೆಯನ್ನು ಹದವಾಗಿ ಒಡ್ಡುತ್ತಿದ್ದರೆ ಬೆಂಕಿ ಧಗಧಗನೆ ಉರಿಯುತ್ತದೆ. ಬೇಗ ಪಾಕ ಬರಲಿ ಎಂದು ಬಾಯಿ ತುಂಬುವಂತೆ ತುರುಕಿದರೆ ಉರಿ ಹೆಚ್ಚುವುದಿಲ್ಲ. ಕಪ್ಪು ಹೊಗೆ ಹೆಚ್ಚುತ್ತದೆ. ಒಲೆಗೆ ಗಾಳಿ ಸಾಲದೆ ಬಂದದ್ದೇ ಇದಕ್ಕೆ ಕಾರಣ. ಎಂಜಿನಿನಲ್ಲಿಯೂ ಇದೇ ನ್ಯಾಯ. ಹನಿ ದೊಡ್ಡದಾಗಿ ಗಾಳಿ ಅಷ್ಟೇ ಇದ್ದರೆ ಡೀಸೆಲಿನ ಇಂಗಾಲ ಉರಿಯದೆ ಮಸಿಯಾಗಿ ಹೊರಬೀಳುತ್ತದೆ. ಲಾರಿಯ ಹಿಂದೆ ಕಾಣುವ ಕಪ್ಪು ಹೊಗೆಯನ್ನು ಕೆಲವರು ಬಲದ ಗುರುತೆಂದು ತಿಳಿಯುತ್ತಾರೆ. ವಾಸ್ತವವಾಗಿ ಅದು ಮಾಲೀಕನು ಹಣ ಕೊಟ್ಟು ಕೊಂಡ ಡೀಸೆಲ್ ವ್ಯರ್ಥವಾಗಿ ಹೋಗುತ್ತಿರುವುದರ ಗುರುತು.

ಹೊಗೆಯ ಬಣ್ಣದಿಂದ ದೋಷವನ್ನು ಊಹಿಸಬಹುದು. ಕಪ್ಪು ಹೊಗೆ ಬಂದರೆ ಗಾಳಿಗೆ ಹೋಲಿಸಿದರೆ ಇಂಧನ ಅಧಿಕವೆಂದು ಅರ್ಥ. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ಪಿಸ್ಟನ್ ರಿಂಗೋ ಟರ್ಬೊವಿನ ಸೀಲೋ ಸವೆದಿರಬಹುದು. ಬಿಳಿ ಹೊಗೆಯೆಂದರೆ ಡೀಸೆಲ್ ಹತ್ತಿಕೊಳ್ಳದೆ ಆವಿಯಾಗಿ ಹೋಗುತ್ತಿದೆ, ಇಲ್ಲವೆ ನೀರು ಒಳಸೇರುತ್ತಿದೆ.

ಟರ್ಬೊ ಎಂಬ ತಿದಿ

ಹೆಚ್ಚು ಬಲ ಬೇಕಾದರೆ ಹೆಚ್ಚು ಡೀಸೆಲ್ ಬೇಕು. ಹೆಚ್ಚು ಡೀಸೆಲಿಗೆ ಹೆಚ್ಚು ಗಾಳಿ ಬೇಕು. ಕಮ್ಮಾರನು ಕುಲುಮೆಗೆ ತಿದಿಯೊತ್ತುವಂತೆ ಎಂಜಿನಿಗೂ ಗಾಳಿ ಒತ್ತಬಾರದೇಕೆ? ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ ಎಂಬ ಎಂಜಿನಿಯರರು ಈ ಕುರಿತು ೧೯೦೫ರಲ್ಲಿಯೇ ಹಕ್ಕುಪತ್ರ ಪಡೆದರು. ಎಂಜಿನ್ ಹೊರಗೆ ಬಿಡುವ ಬಿಸಿ ಅನಿಲದಲ್ಲಿ ಇನ್ನೂ ಬಹಳ ಶಕ್ತಿ ಉಳಿದಿರುತ್ತದೆ. ಅದರಿಂದ ಒಂದು ಚಕ್ರವನ್ನು ತಿರುಗಿಸಿ, ಅದೇ ದಂಡಕ್ಕೆ ಜೋಡಿಸಿದ ಇನ್ನೊಂದು ಚಕ್ರದಿಂದ ಹೊರಗಿನ ಗಾಳಿಯನ್ನು ಒಳಕ್ಕೆ ಒತ್ತಬೇಕೆಂಬುದು ಅವರ ಯುಕ್ತಿ. ಸುಮಾರು ಇಪ್ಪತ್ತು ವರ್ಷಗಳ ಪರಿಶ್ರಮದ ನಂತರ, ೧೯೨೫ರಲ್ಲಿ, ಅವರ ಎಂಜಿನಿನ ಬಲ ನೂರಕ್ಕೆ ನಲವತ್ತು ಪಾಲಿನಷ್ಟು ಹೆಚ್ಚಿತು. ಇದೇ ಇಂದಿನ ಟರ್ಬೊಚಾರ್ಜರ್. ಲಾರಿಯ ಟರ್ಬೊ ನಿಮಿಷಕ್ಕೆ ಒಂದು ಲಕ್ಷ ಸುತ್ತಿನ ಆಸುಪಾಸಿನಲ್ಲಿ ತಿರುಗುತ್ತದೆ. ಅಷ್ಟು ವೇಗದ ದಂಡವನ್ನು ಹೊತ್ತಿರುವುದು ಆಯಿಲಿನ ತೆಳ್ಳನೆಯ ಪದರ ಮಾತ್ರ.

ಟರ್ಬೊ ಹೊರಗಿನ ವಾಯುಭಾರಕ್ಕಿಂತ ಎಷ್ಟು ಅಧಿಕವಾಗಿ ಗಾಳಿಯನ್ನು ಒತ್ತುತ್ತದೆಯೋ ಅದಕ್ಕೆ 'ಬೂಸ್ಟ್' ಎಂದು ಹೆಸರು. ಒಂದು 'ಬಾರ್' ಬೂಸ್ಟ್ ಎಂದರೆ ಹಿಂದೂಪುರದಲ್ಲಿ ಒಳಗಿನ ಒತ್ತಡ ಹೊರಗಿನ ಎರಡು ಪಟ್ಟಿಗಿಂತ ತುಸು ಹೆಚ್ಚು. ಹಾಗಾದರೆ ಗಾಳಿಯ ತೂಕವೂ ಎರಡು ಪಟ್ಟಾಗುವುದೆ? ಇಲ್ಲ. ಒತ್ತಿದ ಗಾಳಿ ಕಾಯುತ್ತದೆ ಎಂದು ಮೊದಲೇ ಹೇಳಿದೆವು. ೪೦ ಡಿಗ್ರಿಯ ಗಾಳಿ ಟರ್ಬೊವಿನಿಂದ ಹೊರಬರುವಾಗ ೧೪೦ ಡಿಗ್ರಿಯಷ್ಟಾಗುತ್ತದೆ. ಹಿಗ್ಗಿದ ಕಾರಣ ತೂಕ ಸುಮಾರು ಒಂದೂವರೆ ಪಟ್ಟು ಮಾತ್ರ. ಇದನ್ನು ರೇಡಿಯೇಟರಿನಂಥ ಒಂದು ಸಾಧನದಲ್ಲಿ ಹಾಯಿಸಿ ೬೦ ಡಿಗ್ರಿಯ ಹತ್ತಿರಕ್ಕೆ ತಣಿಸಿದರೆ ತೂಕ ಹತ್ತಿರ ಹತ್ತಿರ ೧.೯ ಪಟ್ಟಾಗುತ್ತದೆ. ಈ ಸಾಧನಕ್ಕೆ 'ಇಂಟರ್‌ಕೂಲರ್' ಎನ್ನುತ್ತಾರೆ. ಇದರ ರೆಕ್ಕೆಗಳಲ್ಲಿ ಧೂಳು ಕಟ್ಟಿಕೊಂಡರೆ ಬೂಸ್ಟ್ ಮುಳ್ಳು ಸರಿಯಾಗಿ ತೋರಿದರೂ ಎಂಜಿನಿಗೆ ಗಾಳಿ ಸಾಲದೆಹೋಗುವುದು ಏಕೆಂಬುದು ಈಗ ಸ್ಪಷ್ಟವಾಯಿತಷ್ಟೆ.

ಟರ್ಬೊ ವೇಗ ಪಡೆಯಲು ಸ್ವಲ್ಪ ಕಾಲ ಹಿಡಿಯುತ್ತದೆ. ನಮ್ಮ ಪೋಷಕರಲ್ಲಿ ಅನೇಕರು ರೈಲು ನಿಲ್ದಾಣದಿಂದ ಗಾಡಿಯನ್ನು ಎಳೆದುಕೊಂಡು ಹೊರಟ ಡೀಸೆಲ್ ರೈಲು ಎಂಜಿನ್ ಮೊದಲಿಗೆ ದಟ್ಟವಾದ ಕಪ್ಪು ಹೊಗೆಯುಗುಳಿ, ಅನಂತರ ಸ್ವಚ್ಛವಾಗುತ್ತಿದ್ದುದನ್ನು ಕಂಡಿರಬೇಕು. ಡೀಸೆಲ್ ಕೂಡಲೇ ಬಂತು, ಟರ್ಬೊವಿನ ಗಾಳಿ ತಡವಾಗಿ ಬಂತು ಎಂಬುದೇ ಅದರ ಅರ್ಥ. ವಾರಾಣಸಿಯ ಕಾರ್ಖಾನೆಯಲ್ಲಿ ೧೯೬೪ರಿಂದ ತಯಾರಾದ, ಹದಿನಾರು ಸಿಲಿಂಡರಿನ ೨೬೦೦ ಕುದುರೆಬಲದ ಎಂಜಿನ್‌ಗಳೂ ಟರ್ಬೊ ಎಂಜಿನ್‌ಗಳೇ.

ಹೊಂದಿಸುವ ಸ್ಥಾನಗಳು

ಹಳೆಯ ಮಾದರಿಯ ಟರ್ಬೊ ಡೀಸೆಲ್ ಎಂಜಿನಿನಲ್ಲಿ ಹೊಂದಿಸತಕ್ಕ ಸ್ಥಾನಗಳು ಮುಖ್ಯವಾಗಿ ನಾಲ್ಕು.

ಮೊದಲನೆಯದು, ಪೂರ್ಣಭಾರದ ಇಂಧನದ ತಿರುಪು. ಆಕ್ಸಿಲರೇಟರನ್ನು ಪೂರ್ತಿ ತುಳಿದಾಗ ಒಂದು ಹೊಡೆತಕ್ಕೆ ಗರಿಷ್ಠ ಎಷ್ಟು ಡೀಸೆಲ್ ಹೋಗಬೇಕೆಂಬುದನ್ನು ಇದು ಗೊತ್ತುಮಾಡುತ್ತದೆ. 'ಪಂಪು ಏರಿಸುವುದು' ಎಂದು ಜನ ಹೇಳುವುದು ಇದನ್ನೇ.

ಎರಡನೆಯದು, ಗವರ್ನರಿನ ಗರಿಷ್ಠ ವೇಗದ ತಿರುಪು. ಎಂಜಿನ್ ನಿಗದಿಯಾದ ಸುತ್ತುಗಳನ್ನು ಮೀರದಂತೆ ಇದು ಡೀಸೆಲನ್ನು ಕಡಿತಗೊಳಿಸುತ್ತದೆ. ಇದನ್ನು ಸಡಿಲಿಸಿದರೆ ವಾಲ್ವು ಪಿಸ್ಟನ್ನಿಗೆ ತಾಗುವ ಅಪಾಯವುಂಟು.

ಮೂರನೆಯದು, ಬೂಸ್ಟಿಗೆ ತಕ್ಕಂತೆ ಡೀಸೆಲನ್ನು ಬಿಡುವ ಸಾಧನ. ಪಂಪಿನ ಮೇಲ್ಭಾಗದಲ್ಲಿ ತಟ್ಟೆಯಾಕಾರದ ಒಂದು ಡಬ್ಬಿ ಇರುತ್ತದೆ. ಅದರೊಳಗೆ ರಬ್ಬರಿನ ಪರದೆಯೂ ಸ್ಪ್ರಿಂಗೂ ಇವೆ. ಟರ್ಬೊ ಕಡೆಯಿಂದ ಚಿಕ್ಕ ಕೊಳವೆಯ ಮೂಲಕ ಬಂದ ಗಾಳಿಯ ಒತ್ತಡ ಪರದೆಯನ್ನು ಒತ್ತಿದಾಗ ಮಾತ್ರ ಹೆಚ್ಚಿನ ಡೀಸೆಲಿಗೆ ದಾರಿ ತೆರೆಯುತ್ತದೆ. ಗಾಳಿ ಬಾರದೆ ಅನ್ನ ಬಡಿಸಬಾರದೆಂಬುದು ಇದರ ನಿಯಮ. ಪರದೆ ಹರಿದರೆ ಅಥವಾ ಕೊಳವೆ ಸಡಿಲವಾದರೆ ಗಾಡಿ ಏರಿನಲ್ಲಿ ಸೋಲುತ್ತದೆ. ಆಗ ಕೊಳವೆಯನ್ನು ಸರಿಮಾಡುವುದನ್ನು ಬಿಟ್ಟು ಪೂರ್ಣಭಾರದ ತಿರುಪನ್ನು ಏರಿಸುವುದು ಹಲವು ಅನಾಹುತಗಳಿಗೆ ಮೂಲ.

ನಾಲ್ಕನೆಯದು, 'ವೇಸ್ಟ್‌ಗೇಟ್' ಎಂಬ ಬಾಗಿಲು. ಬೂಸ್ಟ್ ಗೊತ್ತಾದ ಮಿತಿಯನ್ನು ಮುಟ್ಟಿದಾಗ ಇದು ತೆರೆದುಕೊಂಡು ಬಿಸಿ ಅನಿಲದ ಒಂದು ಭಾಗವನ್ನು ಟರ್ಬೊ ಚಕ್ರಕ್ಕೆ ತಾಗದಂತೆ ಪಕ್ಕದಿಂದ ಬಿಡುತ್ತದೆ. ಇದನ್ನು ಎಳೆಯುವ ಸರಳಿನ ಉದ್ದವನ್ನು ಬದಲಿಸಿದರೆ ಬಾಗಿಲು ತಡವಾಗಿ ತೆರೆದು ಬೂಸ್ಟ್ ಹೆಚ್ಚುತ್ತದೆ. ಎಲ್ಲ ಟರ್ಬೊಗಳಿಗೂ ಈ ಬಾಗಿಲು ಇರುವುದಿಲ್ಲ.

ಇಲ್ಲಿ ಒಂದು ಸಂಗತಿಯನ್ನು ಒತ್ತಿ ಹೇಳಬೇಕಾಗಿದೆ. ಡೀಸೆಲ್ ಎಂಜಿನಿನಲ್ಲಿ ಬರಿಯ ಬೂಸ್ಟನ್ನು ಹೆಚ್ಚಿಸಿದರೆ ಬಲ ಅಷ್ಟಾಗಿ ಹೆಚ್ಚುವುದಿಲ್ಲ. ಗಾಳಿ ಹೊಟ್ಟೆ ತುಂಬಿಸದು. ಡೀಸೆಲನ್ನು ಹೆಚ್ಚಿಸಿದರೆ ಗಾಳಿ ಮಿಗುವಷ್ಟರ ತನಕ ಬಲ ಹೆಚ್ಚುತ್ತದೆ, ಆಮೇಲೆ ಹೊಗೆ ಮಾತ್ರ ಹೆಚ್ಚುತ್ತದೆ. ಅದಲ್ಲದೆ ಡೀಸೆಲ್ ಹೆಚ್ಚಿದಾಗ ಹೊರಹೋಗುವ ಅನಿಲದ ಬಿಸಿ ಏರುತ್ತದೆ. ಆ ಬಿಸಿಯಿಂದ ಟರ್ಬೊವಿನ ವೇಗ ಏರುತ್ತದೆ. ವೇಗದಿಂದ ಬೂಸ್ಟ್ ಏರುತ್ತದೆ. ಹೀಗೆ ಒಂದು ತಿರುಪನ್ನು ಮುಟ್ಟಿದವನು ತಿಳಿಯದೆಯೇ ಮೂರನ್ನು ಮುಟ್ಟಿದಂತಾಗುತ್ತದೆ.

ಮಿತಿ ಮೀರಿದರೆ

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆ ಎಂಜಿನಿಗೂ ಸಲ್ಲುತ್ತದೆ. ಭಾರ ಹೊತ್ತು ಬಹಳ ಹೊತ್ತು ಎಳೆಯುವಾಗ ಟರ್ಬೊವನ್ನು ಸೇರುವ ಅನಿಲದ ಉಷ್ಣತೆ ಸಾಮಾನ್ಯವಾಗಿ ೭೦೦ ಡಿಗ್ರಿಯ ಆಸುಪಾಸನ್ನು ದಾಟಬಾರದು. ಪಿಸ್ಟನ್ ಮಾಡಿರುವುದು ಅಲ್ಯುಮಿನಿಯಂ ಮಿಶ್ರಲೋಹದಿಂದ. ಶುದ್ಧ ಅಲ್ಯುಮಿನಿಯಂ ೬೬೦ ಡಿಗ್ರಿಯಲ್ಲಿ ಕರಗುತ್ತದೆ. ಹಾಗಾದರೆ ಅದು ಕರಗದೆ ಉಳಿದಿರುವುದು ಹೇಗೆ? ಉರಿ ಕ್ಷಣಕಾಲ ಮಾತ್ರ ತಾಗುತ್ತದೆ. ಮರುಕ್ಷಣ ಹೊಸ ಗಾಳಿ ಬಂದು ತಣಿಸುತ್ತದೆ. ಅನೇಕ ಎಂಜಿನ್‌ಗಳಲ್ಲಿ ಕೆಳಗಿನಿಂದ ಆಯಿಲ್ ಚಿಮ್ಮಿಯೂ ತಣಿಸುತ್ತದೆ. ಡೀಸೆಲ್ ಮಿತಿ ಮೀರಿದಾಗ ಈ ಸಮತೂಕ ತಪ್ಪುತ್ತದೆ. ಪಿಸ್ಟನ್ನಿನ ತಲೆ ಬಿರಿಯುತ್ತದೆ, ತೂತಾಗುತ್ತದೆ, ಇಲ್ಲವೆ ಹಿಗ್ಗಿ ಲೈನರಿಗೆ ಹಿಡಿದುಕೊಳ್ಳುತ್ತದೆ.

ಬೂಸ್ಟ್ ಮಿತಿ ಮೀರಿದರೆ ಇನ್ನೊಂದು ಬಗೆಯ ಹಾನಿ. ೯೭ ಮಿಲಿಮೀಟರ್ ವ್ಯಾಸದ ಪಿಸ್ಟನ್ನಿನ ಮೇಲೆ ೧೦೦ ಬಾರ್ ಒತ್ತಡ ಬಿದ್ದರೆ ಅದರ ಬಲ ಏಳು ಟನ್ನಿಗೂ ಅಧಿಕ. ಬೂಸ್ಟ್ ಹೆಚ್ಚಿಸಿದಂತೆ ಈ ಹೊಡೆತವೂ ಬಲವಾಗುತ್ತದೆ. ಹೆಡ್ ಗ್ಯಾಸ್ಕೆಟ್ ಒಡೆಯುವುದೂ, ಬೇರಿಂಗು ನಜ್ಜಾಗುವುದೂ, ಟರ್ಬೊ ಚಕ್ರ ವೇಗ ತಾಳದೆ ಚೂರಾಗುವುದೂ ಇದರಿಂದಲೇ. ಸಾಲದ ಕಂತು ಕಟ್ಟುತ್ತಿರುವ ಮನೆಯಲ್ಲಿ ಲಾರಿ ಒಂದು ತಿಂಗಳು ಗ್ಯಾರೇಜಿನಲ್ಲಿ ನಿಂತರೆ ಮಕ್ಕಳ ಓದಿನವರೆಗೂ ಅದರ ಬಿಸಿ ತಟ್ಟುತ್ತದೆ. ಏರಿನಲ್ಲಿ ಉಳಿಸಿದ ಐದು ನಿಮಿಷಕ್ಕೆ ಇಷ್ಟು ದೊಡ್ಡ ಬೆಲೆ ತೆರುವುದು ವಿವೇಕವಲ್ಲ.

ಹೊಗೆಯ ಬೆಲೆಯನ್ನು ತೆರುವವರು ಲಾರಿಯವರು ಮಾತ್ರವೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ೨೦೧೨ರಲ್ಲಿ ಡೀಸೆಲ್ ಹೊಗೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಪಟ್ಟಿಗೆ ಸೇರಿಸಿತು. ರಸ್ತೆಯ ಬದಿಯಲ್ಲಿ ನಡೆದು ಶಾಲೆಗೆ ಬರುವ ಮಗುವೂ ಲಾರಿಯ ಹೊಗೆಯನ್ನು ಉಸಿರಾಡುತ್ತದೆ ಎಂಬುದನ್ನು ನಾವು ಮರೆಯಲಾಗದು.

ಸರಿಯಾದ ಕ್ರಮ

ಹಾಗಾದರೆ ಪಂಪನ್ನು ಎಂದಿಗೂ ಮುಟ್ಟಬಾರದೆ? ಹಾಗಲ್ಲ. ಪಂಪು ಸವೆಯುತ್ತದೆ, ಸವೆದುದನ್ನು ಮತ್ತೆ ಹೊಂದಿಸಲೇಬೇಕು. ಆದರೆ ಅದಕ್ಕೊಂದು ಕ್ರಮವಿದೆ.

ಗಾಡಿಗೆ ಬಲ ಕಡಮೆಯಾಯಿತೆಂದು ಕಂಡರೆ ಮೊದಲು ಉಸಿರನ್ನು ಪರೀಕ್ಷಿಸಬೇಕು. ಏರ್ ಫಿಲ್ಟರ್ ನಮ್ಮ ಸೀಮೆಯ ಕೆಂಧೂಳಿನಿಂದ ಮುಚ್ಚಿಹೋಗಿರಬಹುದು. ಟರ್ಬೊವಿನಿಂದ ಎಂಜಿನಿಗೆ ಬರುವ ರಬ್ಬರ್ ಹೋಸ್ ಸೀಳಿರಬಹುದು. ಸೋಪಿನ ನೀರು ಹಚ್ಚಿದರೆ ಗುಳ್ಳೆಯೆದ್ದು ಸೋರುವ ಜಾಗ ತಿಳಿಯುತ್ತದೆ. ಆಮೇಲೆ ಡೀಸೆಲ್ ಫಿಲ್ಟರ್, ನಾಜಲ್, ವಾಲ್ವುಗಳ ಸಂದು, ಟರ್ಬೊ ದಂಡದ ಅಲುಗಾಟ. ಇವೆಲ್ಲ ಸರಿಯಿದ್ದು ದೋಷ ಉಳಿದರೆ ಮಾತ್ರ ಪಂಪಿನ ಕಡೆಗೆ ತಿರುಗಬೇಕು.

ಪಂಪನ್ನು ಗಾಡಿಯ ಮೇಲೆಯೇ ಕಿವಿಯ ಅಂದಾಜಿನಿಂದ ತಿರುಗಿಸತಕ್ಕದ್ದಲ್ಲ. ಅದನ್ನು ಬಿಚ್ಚಿ ಪಂಪ್ ಸರ್ವಿಸಿನವರ ಪರೀಕ್ಷಾ ಯಂತ್ರದ ಮೇಲೆ ಕೂರಿಸಬೇಕು. ಅಲ್ಲಿ ಗೊತ್ತಾದ ವೇಗದಲ್ಲಿ ಸಾವಿರ ಹೊಡೆತ ಓಡಿಸಿ, ಪ್ರತಿಯೊಂದು ಕೊಳವೆಯ ಡೀಸೆಲನ್ನೂ ಬೇರೆ ಬೇರೆ ಗಾಜಿನ ಅಳತೆನಾಳಗಳಲ್ಲಿ ಹಿಡಿಯುತ್ತಾರೆ. ನಾವು ಮೇಲೆ ಕಂಡ ಲೆಕ್ಕದ ಎಂಜಿನಿಗಾದರೆ ಪ್ರತಿಯೊಂದು ನಾಳದಲ್ಲಿಯೂ ೫೦ ಘನ ಸೆಂಟಿಮೀಟರ್ ನಿಲ್ಲಬೇಕು. ಆರು ನಾಳಗಳೂ ಸಮವಾಗಿ ನಿಲ್ಲುವುದು ಬಹು ಮುಖ್ಯ. ಐದು ಮಕ್ಕಳಿಗೆ ಅರೆಹೊಟ್ಟೆ, ಒಬ್ಬನಿಗೆ ಅಜೀರ್ಣ ಎಂಬಂತಾದರೆ ಆ ಒಂದು ಸಿಲಿಂಡರೇ ಮೊದಲು ಸುಡುತ್ತದೆ. ತಯಾರಕರು ಆಯಾ ಪಂಪಿಗೆ ಕೊಟ್ಟಿರುವ ಪಟ್ಟಿಯ ಪ್ರಕಾರ ಹೊಂದಿಸಿ ಕೊನೆಗೆ ಸೀಲ್ ಮಾಡುತ್ತಾರೆ. ಆ ಸೀಲು ಮಾಲೀಕನ ಕೈ ಕಟ್ಟುವುದಕ್ಕಲ್ಲ, ಅವನ ಬಂಡವಾಳವನ್ನು ಕಾಯುವುದಕ್ಕೆ. ತಯಾರಕರು ಗೊತ್ತುಮಾಡಿದುದಕ್ಕೆ ಭಿನ್ನವಾಗಿ ವಾಹನವನ್ನು ಮಾರ್ಪಡಿಸುವುದನ್ನು ೧೯೮೮ರ ಮೋಟಾರು ವಾಹನ ಕಾಯಿದೆಯೂ ನಿರ್ಬಂಧಿಸುತ್ತದೆ.

ಚಾಲಕರು ಪಾಲಿಸತಕ್ಕ ಒಂದು ಸಣ್ಣ ನಿಯಮವನ್ನೂ ಇಲ್ಲಿ ಹೇಳಿಬಿಡುತ್ತೇವೆ. ಭಾರ ಎಳೆದುಕೊಂಡು ಬಂದೊಡನೆ ಎಂಜಿನನ್ನು ಆಫ್ ಮಾಡಬಾರದು. ಎರಡು ಮೂರು ನಿಮಿಷ ನಿಧಾನವಾಗಿ ಓಡಲು ಬಿಡಬೇಕು. ಇಲ್ಲವಾದರೆ ಆಯಿಲ್ ನಿಂತುಹೋಗಿ, ಕಾದ ಟರ್ಬೊವಿನೊಳಗೆ ಉಳಿದ ಆಯಿಲ್ ಸುಟ್ಟು ಕರಕಾಗುತ್ತದೆ. ಸ್ಟಾರ್ಟ್ ಮಾಡಿದ ಕೂಡಲೆ ಜೋರಾಗಿ ಆಕ್ಸಿಲರೇಟರ್ ತುಳಿಯುವುದೂ ಹಾಗೆಯೇ ಹಾನಿಕರ.

ಹೊಸ ಕಾಲದ ಎಂಜಿನ್‌ಗಳು

ಭಾರತದಲ್ಲಿ ೨೦೨೦ರ ಏಪ್ರಿಲ್ ೧ರಿಂದ ಹೊಸ ವಾಹನಗಳಿಗೆ ಬಿ.ಎಸ್. ೬ ಎಂಬ ಹೊಗೆಯ ನಿಯಮ ಜಾರಿಗೆ ಬಂದಿದೆ. ಈ ಎಂಜಿನ್‌ಗಳಲ್ಲಿ ಕೈಯಿಂದ ತಿರುಗಿಸುವ ಇಂಧನದ ತಿರುಪಿಲ್ಲ. ಎಲ್ಲ ನಾಜಲ್‌ಗಳಿಗೂ ಸಮಾನವಾದ ಒಂದು ಕೊಳವೆಯಲ್ಲಿ ಡೀಸೆಲ್ ಸಾವಿರಕ್ಕೂ ಮಿಕ್ಕ ಬಾರ್ ಒತ್ತಡದಲ್ಲಿ ಸಿದ್ಧವಾಗಿರುತ್ತದೆ. ಗಾಳಿ ಎಷ್ಟು ಬಂತು, ಬಿಸಿ ಎಷ್ಟಿದೆ, ಬೂಸ್ಟ್ ಎಷ್ಟಿದೆ ಎಂಬುದನ್ನೆಲ್ಲ ಚಿಕ್ಕ ಕಂಪ್ಯೂಟರೊಂದು ಅಳೆದು, ಯಾವ ನಾಜಲ್ ಯಾವ ಗಳಿಗೆಯಲ್ಲಿ ಎಷ್ಟು ಹೊತ್ತು ತೆರೆಯಬೇಕೆಂದು ಆಜ್ಞಾಪಿಸುತ್ತದೆ. ಇಂದು ಕೆಲವರು ಈ ಕಂಪ್ಯೂಟರಿನ ಲೆಕ್ಕವನ್ನೇ ತಿದ್ದಿ ಬಲ ಹೆಚ್ಚಿಸುವ ಆಸೆ ತೋರಿಸುತ್ತಾರೆ. ತಿರುಪಿನ ಬದಲು ಲೆಕ್ಕ ಬಂದಿತೇ ಹೊರತು ಪ್ರಕೃತಿಯ ನಿಯಮ ಬದಲಾಗಿಲ್ಲ. ಗಾಳಿಗೆ ತಕ್ಕ ಡೀಸೆಲ್, ಲೋಹಕ್ಕೆ ತಕ್ಕ ಬಿಸಿ ಎಂಬ ಎರಡು ಮಿತಿಗಳು ಅಲ್ಲಿಯೂ ಉಂಟು.

ವಿದ್ಯಾರ್ಥಿಗಳೇ, ಉಷ್ಣ, ಒತ್ತಡ, ಗಾತ್ರ, ಪ್ರಮಾಣ ಎಂಬ ಪದಗಳನ್ನು ನೀವು ತರಗತಿಯಲ್ಲಿ ಓದಿ ಪರೀಕ್ಷೆಗೆ ಬರೆಯುತ್ತೀರಿ. ಅವೇ ಪದಗಳು ನಿಮ್ಮ ತಂದೆಯವರ ಲಾರಿಯ ಬಾನೆಟ್ಟಿನ ಕೆಳಗೆ ದಿನವೂ ಕೆಲಸ ಮಾಡುತ್ತಿವೆ. ಈ ವಿದ್ಯೆಯಲ್ಲಿ ಆಸಕ್ತಿಯುಳ್ಳವರಿಗೆ ಹತ್ತನೆಯ ತರಗತಿಯ ನಂತರ ಐ.ಟಿ.ಐ.ಗಳಲ್ಲಿ ಡೀಸೆಲ್ ಮೆಕ್ಯಾನಿಕ್ ತರಬೇತಿಗೆ ಅವಕಾಶವಿದೆ. ಪೋಷಕರಲ್ಲಿ ನಮ್ಮ ವಿಜ್ಞಾಪನೆ ಇಷ್ಟೆ: ಪಂಪಿನ ತಿರುಪಿಗೆ ಕೈ ಹಾಕುವ ಮುನ್ನ ಮಗುವನ್ನು ಕರೆದು, ಗಾಳಿ ಎಷ್ಟು, ಡೀಸೆಲ್ ಎಷ್ಟು ಎಂದು ಒಮ್ಮೆ ಲೆಕ್ಕ ಮಾಡಿಸಿರಿ. ಲೆಕ್ಕ ಒಪ್ಪಿದರೆ ಪಂಪನ್ನು ಬಲ್ಲವರ ಕೈಗೆ ಕೊಡಿರಿ. ಒಪ್ಪದಿದ್ದರೆ ಒಂದು ಗೇರು ಇಳಿಸಿ ನಿಧಾನವಾಗಿ ಏರನ್ನು ಹತ್ತಿರಿ.